ಹೃದಯದೊಳಗೇ ರಕ್ತ ತುಂಬಿರುವಾಗ ಅದಕ್ಕೆ ಬೇರೆ ರಕ್ತನಾಳ ಯಾಕೆ?

ಹೈಸ್ಕೂಲ್ ಮೇಷ್ಟ್ರು
ಎಲ್ಲರಿಗೂ ನಮಸ್ಕಾರ. ಹತ್ತನೇ ಕ್ಲಾಸಿಗೆ ರಕ್ತ ಪರಿಚಲನೆ ಪಾಠ ಮಾಡುತ್ತಿದ್ದೆ. ನಾಲ್ಕು ಕೋಣೆ, ನಾಲ್ಕು ಕವಾಟ, ಬಲಗಡೆಯಿಂದ ಶ್ವಾಸಕೋಶಕ್ಕೆ, ಎಡಗಡೆಯಿಂದ ಮೈಗೆಲ್ಲ. ಮುಗಿಯಿತು ಅಂದುಕೊಂಡಾಗ ಹಿಂದಿನ ಬೆಂಚಿನ ಹುಡುಗಿ ಎದ್ದು ನಿಂತಳು. "ಸಾರ್, ಹೃದಯದಲ್ಲಿ ಯಾವಾಗಲೂ ರಕ್ತ ಇರುತ್ತೆ ಅಂದ್ರಿ. ಮತ್ತೆ ನಮ್ಮ ಮಾವಂಗೆ ಹೃದಯಕ್ಕೆ ರಕ್ತ ಸಾಲ್ತಿಲ್ಲ ಅಂತ ಸ್ಟೆಂಟ್ ಹಾಕಿದ್ರಲ್ಲ?" ಅದಕ್ಕೆ ಕೊರೊನರಿ ಅಂತ ಬೇರೆ ರಕ್ತನಾಳ ಇದೆ ಎಂದೆ. "ಮನೆಯೊಳಗೇ ಇರೋದನ್ನ ಬಿಟ್ಟು ಹೊರಗಿಂದ ಯಾಕೆ ತರಿಸ್ಕೊಳ್ಳುತ್ತೆ?" ಅಂತ ಮತ್ತೆ ಕೇಳಿದಳು. ನಾಳೆ ಹೇಳ್ತೀನಿ ಅಂತ ಬಂದಿದ್ದೇನೆ. ತಿಳಿದವರು ಸ್ವಲ್ಪ ಬಿಡಿಸಿ ಹೇಳಿ. ಮಕ್ಕಳಿಗೆ ಅರ್ಥವಾಗುವ ಹಾಗಿದ್ದರೆ ಒಳ್ಳೆಯದು.

ಫಿಸಿಯಾಲಜಿ ಅಜ್ಜಿ
ಮೇಷ್ಟ್ರೇ, ಆ ಹುಡುಗಿಗೆ ನನ್ನ ಕಡೆಯಿಂದ ಶಹಭಾಸ್ ಹೇಳಿ. ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡಿ ನಿವೃತ್ತಿಯಾದವಳು ನಾನು. ಈ ಪ್ರಶ್ನೆಯನ್ನು ಎಂಬಿಬಿಎಸ್ ಮಕ್ಕಳೇ ಕೇಳುವುದು ಕಡಿಮೆ.

ಉತ್ತರ ಗೋಡೆಯ ದಪ್ಪದಲ್ಲಿದೆ. ಎಡ ಹೃತ್ಕುಕ್ಷಿಯ, ಅಂದರೆ ಮೈಗೆಲ್ಲ ರಕ್ತ ದೂಡುವ ಎಡಗಡೆಯ ಕೆಳಕೋಣೆಯ, ಗೋಡೆ ಸುಮಾರು 1 ಸೆಂ.ಮೀ. ದಪ್ಪ. ಕೋಣೆಯೊಳಗಿನ ರಕ್ತದಿಂದ ಆಮ್ಲಜನಕ ಗೋಡೆಯೊಳಕ್ಕೆ ಜಿನುಗಬಹುದು, ಇಲ್ಲ ಅಂತಲ್ಲ. ಆದರೆ ಅದು ಮುಟ್ಟುವುದು ಒಳಮೈಯ ಹತ್ತಿರದ 0.1 ಮಿ.ಮೀ.ಗೆ ಅಷ್ಟೇ. ಉಳಿದ ಮಾಂಸಖಂಡದ ಕಥೆ ಏನು? ಅದಕ್ಕೆ ಹೊರಗಿನಿಂದಲೇ ಬರಬೇಕು. ಬ್ಯಾಂಕಿನ ಕ್ಯಾಷಿಯರ್ ಕೈಯಲ್ಲಿ ದಿನವಿಡೀ ಲಕ್ಷಗಟ್ಟಲೆ ಓಡಾಡುತ್ತದೆ, ಮನೆ ಖರ್ಚಿಗೆ ಮಾತ್ರ ಸಂಬಳವೇ ಬರಬೇಕು, ಅಲ್ವಾ? ಹಾಗೆ.

ಹಿಂದೆ ಪಿಯುಸಿಯಲ್ಲಿ ಕಪ್ಪೆ ಕೊಯ್ದವರು ಇಲ್ಲಿ ಇರಬಹುದು. ಕಪ್ಪೆಯ ಹೃತ್ಕುಕ್ಷಿಗೆ ಈ ತಾಪತ್ರಯ ಇಲ್ಲ. ಅದರ ಗೋಡೆ ಗಟ್ಟಿಯಾದ ಒಂದೇ ಪದರವಲ್ಲ, ಒಳಗೆಲ್ಲ ಎಳೆ ಎಳೆಯಾಗಿ ಸಂದು ಸಂದು ಇರುತ್ತದೆ. ರಕ್ತ ಆ ಸಂದುಗಳಿಗೆಲ್ಲ ನುಗ್ಗುವುದರಿಂದ ಅಲ್ಲೇ ಆಮ್ಲಜನಕ ಸಿಗುತ್ತದೆ. ನಮ್ಮ ಹೃದಯ ನಿಮಿಷಕ್ಕೆ ಸುಮಾರು 5 ಲೀಟರ್ ರಕ್ತವನ್ನು ಹೆಚ್ಚು ಒತ್ತಡದಲ್ಲಿ ದೂಡಬೇಕು. ಅದಕ್ಕೆ ಗಟ್ಟಿ ಗೋಡೆ ಬೇಕು. ಗಟ್ಟಿ ಗೋಡೆಗೆ ಸ್ವಂತ ರಕ್ತನಾಳ ಬೇಕು.

ಕ್ಯಾಥ್‌ಲ್ಯಾಬ್ ಕೆಲಸಗಾರ
ಅಜ್ಜಿ ಚೆನ್ನಾಗಿ ಹೇಳಿದರು. ನಾನು ಕ್ಯಾಥ್‌ಲ್ಯಾಬ್ ಟೆಕ್ನಿಷಿಯನ್, ಅಂದರೆ ಆಂಜಿಯೋಗ್ರಾಂ ಮಾಡುವ, ಸ್ಟೆಂಟ್ ಹಾಕುವ ಕೋಣೆಯಲ್ಲಿ ಕೆಲಸ. ದಿನಾ ನೋಡೋದು ಇದೇ ರಕ್ತನಾಳಗಳನ್ನು, ಹಾಗಾಗಿ ದಾರಿ ಹೇಳುತ್ತೇನೆ.

ಎಡ ಹೃತ್ಕುಕ್ಷಿಯಿಂದ ಮಹಾಪಧಮನಿ ಹೊರಡುವ ಬಾಯಲ್ಲೇ ಒಂದು ಕವಾಟ ಇದೆ. ಮೂರು ಎಸಳು. ಒಂದೊಂದು ಎಸಳಿನ ಮೇಲೂ ಗೋಡೆ ಸ್ವಲ್ಪ ಉಬ್ಬಿ ಜೇಬಿನಂತೆ ಇರುತ್ತದೆ. ಮೂರರಲ್ಲಿ ಎರಡು ಜೇಬಿನಿಂದ ಒಂದೊಂದು ರಕ್ತನಾಳ ಹೊರಡುತ್ತದೆ, ಒಂದು ಎಡಕ್ಕೆ, ಇನ್ನೊಂದು ಬಲಕ್ಕೆ. ಅಂದರೆ ಶ್ವಾಸಕೋಶದಿಂದ ಬಂದ ತಾಜಾ ರಕ್ತ ಹೃದಯದಿಂದ ಹೊರಬಿದ್ದ ಕೂಡಲೇ ಮೊದಲ ಪಾಲು ಹೃದಯಕ್ಕೇ.

ಎಡಗಡೆಯದನ್ನು ಲೆಫ್ಟ್ ಮೇನ್ ಅಂತೀವಿ. ಉದ್ದ ಕಡಿಮೆ, ಒಂದೆರಡು ಸೆಂ.ಮೀ. ಇದ್ದರೆ ಹೆಚ್ಚು. ಅದು ಕೂಡಲೇ ಎರಡಾಗಿ ಕವಲೊಡೆಯುತ್ತದೆ. ಒಂದು ಎಲ್‌ಎಡಿ. ಹೃದಯದ ಮುಂಭಾಗದಲ್ಲಿ ಎರಡು ಹೃತ್ಕುಕ್ಷಿಗಳ ನಡುವಿನ ತೋಡಿನಲ್ಲಿ ಇಳಿದು ತುದಿಯವರೆಗೆ ಹೋಗುತ್ತದೆ. ಎಡ ಹೃತ್ಕುಕ್ಷಿಯ ಮುಂಗೋಡೆ ಮತ್ತು ನಡುಗೋಡೆಯ ಮುಂದಿನ ಮೂರನೇ ಎರಡು ಭಾಗ ಇದರ ಪಾಲು. ಇನ್ನೊಂದು ಸರ್ಕಮ್‌ಫ್ಲೆಕ್ಸ್, ಎಡಬದಿ ಸುತ್ತಿ ಹಿಂದಕ್ಕೆ ಹೋಗುತ್ತದೆ. ಬಲಗಡೆಯ ಆರ್‌ಸಿಎ ಬಲ ಹೃತ್ಕರ್ಣ (ಮೇಲಿನ ಕೋಣೆ), ಬಲ ಹೃತ್ಕುಕ್ಷಿಗಳ ನಡುವೆ ಸುತ್ತಿಕೊಂಡು ಹೋಗಿ ಹೃದಯದ ತಳಭಾಗಕ್ಕೆ ರಕ್ತ ಕೊಡುತ್ತದೆ. ಇವೆಲ್ಲದರ ಅಗಲ ಎಷ್ಟು ಗೊತ್ತಾ? ಮುಖ್ಯ ನಾಳಗಳೇ 3–4 ಮಿ.ಮೀ.

ಪರೀಕ್ಷೆಗೆ ಓದ್ತಿರೋಳು
ಸರ್, ನಾನು ನರ್ಸಿಂಗ್ ಎರಡನೇ ವರ್ಷ. ರೈಟ್ ಡಾಮಿನೆಂಟ್, ಲೆಫ್ಟ್ ಡಾಮಿನೆಂಟ್ ಅಂತ ಬರುತ್ತಲ್ಲ, ಅದು ಪ್ರತಿ ಸಲ ತಲೆ ತಿನ್ನುತ್ತೆ. ಎಡ ಹೃತ್ಕುಕ್ಷಿಗೆ ಜಾಸ್ತಿ ರಕ್ತ ಕೊಡೋದು ಎಡ ರಕ್ತನಾಳವೇ ತಾನೇ? ಮತ್ತೆ ಹೆಚ್ಚಿನವರು ರೈಟ್ ಡಾಮಿನೆಂಟ್ ಹೇಗೆ?

ಕ್ಯಾಥ್‌ಲ್ಯಾಬ್ ಕೆಲಸಗಾರ
ಒಟ್ಟು ರಕ್ತ ಯಾವುದು ಜಾಸ್ತಿ ಕೊಡುತ್ತೆ ಅನ್ನೋ ಲೆಕ್ಕ ಅಲ್ಲಮ್ಮ ಅದು. ಹೃದಯದ ಹಿಂಭಾಗದಲ್ಲೂ ಎರಡು ಹೃತ್ಕುಕ್ಷಿಗಳ ನಡುವೆ ಒಂದು ತೋಡಿದೆ. ಅಲ್ಲಿ ಇಳಿಯುವ ಪಿಡಿಎ ಅನ್ನೋ ಕವಲು ಯಾರಿಂದ ಹುಟ್ಟುತ್ತೆ? ಅಷ್ಟೇ ಪ್ರಶ್ನೆ. ನೂರರಲ್ಲಿ 70–80 ಜನರಿಗೆ ಬಲ ನಾಳದಿಂದ. ಸುಮಾರು 10 ಜನರಿಗೆ ಎಡದ ಸರ್ಕಮ್‌ಫ್ಲೆಕ್ಸ್‌ನಿಂದ. ಉಳಿದವರಿಗೆ ಎರಡೂ ಹಂಚಿಕೊಂಡಿರುತ್ತವೆ. ರೈಟ್ ಡಾಮಿನೆಂಟ್ ಇದ್ದವರಲ್ಲೂ ಹೃದಯದ ಮಾಂಸಕ್ಕೆ ಹೆಚ್ಚು ರಕ್ತ ಕೊಡೋದು ಎಡವೇ. ರಿಪೋರ್ಟಿನಲ್ಲಿ ಯಾವುದೇ ಇದ್ದರೂ ಅದು ಕಾಯಿಲೆಯ ಹೆಸರಲ್ಲ, ಗಾಬರಿ ಬೇಡ.

ಹೈಸ್ಕೂಲ್ ಮೇಷ್ಟ್ರು
ಇದನ್ನೆಲ್ಲ ಓದಿ ಸುಮ್ನೆ ಕೂರಲಾಗಲಿಲ್ಲ. ಭಾನುವಾರ ಮಟನ್ ಅಂಗಡಿಯಲ್ಲಿ ಒಂದು ಕುರಿ ಗುಂಡಿಗೆ ತಂದೆ. ಮೇಲಿನ ಕೊಳವೆಗಳನ್ನು ಕತ್ತರಿಸಬೇಡಿ ಅಂತ ಮೊದಲೇ ಹೇಳಿದ್ದೆ, ಇಲ್ಲದಿದ್ದರೆ ಅವರು ಅದನ್ನೇ ಮೊದಲು ಕತ್ತರಿಸಿ ಎಸೆಯುತ್ತಾರೆ. ಸೋಮವಾರ ಲ್ಯಾಬಿನಲ್ಲಿ ಟ್ರೇ ಮೇಲೆ ಇಟ್ಟು ಮಕ್ಕಳನ್ನು ಸುತ್ತ ನಿಲ್ಲಿಸಿದೆ.

ಮೊದಲು ಕಣ್ಣಿಗೆ ಬೀಳುವುದು ಕೊಬ್ಬು. ಬಿಳಿ ಕೊಬ್ಬಿನ ಪಟ್ಟಿಗಳು ಹೃದಯದ ಮೇಲೆ ಗೆರೆ ಎಳೆದಂತೆ ಕೂತಿವೆ. ಆ ಕೊಬ್ಬನ್ನು ಬೆರಳಲ್ಲಿ ಮೆಲ್ಲಗೆ ಬಿಡಿಸಿದರೆ ಅಡಿಯಲ್ಲಿ ರಕ್ತನಾಳ. ಆಮೇಲೆ ಮಹಾಪಧಮನಿಯನ್ನು ಉದ್ದಕ್ಕೆ ಸೀಳಿದೆವು. ತೆಳು ಎಸಳುಗಳು, ಹಿಂದೆ ಮೂರು ಜೇಬು, ಎರಡರಲ್ಲಿ ತೂತು, ಕ್ಯಾಥ್‌ಲ್ಯಾಬಿನವರು ಹೇಳಿದ ಹಾಗೇ. ಒಂದು ತೂತಿಗೆ ಊದಿನಕಡ್ಡಿಯ ಬಿದಿರು ತುದಿ ತೂರಿಸಿದೆವು. ಇನ್ನೊಂದಕ್ಕೆ ಸೂಜಿ ತೆಗೆದ ಸಿರಿಂಜಿನಿಂದ ನೀಲಿ ಇಂಕಿನ ನೀರು ಬಿಟ್ಟೆವು. ಹೊರಮೈಯಲ್ಲಿ ನೀಲಿ ಕವಲು ಕವಲಾಗಿ ಮೂಡಿದಾಗ ಮಕ್ಕಳು ಕೂಗಿಕೊಂಡದ್ದು ಹೆಡ್‌ಮಾಸ್ಟರ್ ರೂಮಿಗೂ ಕೇಳಿತು.

ಒಂದು ಅನುಮಾನ ಮಾತ್ರ ಉಳಿಯಿತು. ಹಿಂಭಾಗದ ತೋಡಿನಲ್ಲಿ ಇಳಿಯುವ ನಾಳ ಎಡದಿಂದಲೇ ಬಂದಿತ್ತು. ಆ ಕುರಿ ನೂರರಲ್ಲಿ ಹತ್ತರ ಪೈಕಿಯದಾ?

ಫಿಸಿಯಾಲಜಿ ಅಜ್ಜಿ
ಇಲ್ಲ ಮೇಷ್ಟ್ರೇ, ಕುರಿ ಆಡು ದನಗಳಲ್ಲಿ ಎಡದ್ದೇ ದೊಡ್ಡದು. ಅವುಗಳ ಮಟ್ಟಿಗೆ ಅದೇ ಸಾಮಾನ್ಯ. ಹಂದಿಯ ಹೃದಯ ಈ ವಿಷಯದಲ್ಲಿ ನಮ್ಮದಕ್ಕೆ ಹತ್ತಿರ. ಸಂಶೋಧನೆಯಲ್ಲಿ ಹಂದಿಯನ್ನು ಬಳಸಲು ಇದೂ ಒಂದು ಕಾರಣ.

ಈಗ ನಿಜವಾದ ಸ್ವಾರಸ್ಯಕ್ಕೆ ಬರುತ್ತೇನೆ. ಮೈಯ ಬೇರೆಲ್ಲ ಅಂಗಗಳಿಗೂ ರಕ್ತ ನುಗ್ಗುವುದು ಹೃದಯ ಹಿಂಡಿದಾಗ. ಎಡ ಹೃತ್ಕುಕ್ಷಿಯ ಗೋಡೆಗೆ ಮಾತ್ರ ಉಲ್ಟಾ. ಹಿಂಡುವಾಗ ಆ ಗೋಡೆ ತನ್ನೊಳಗಿನ ಸಣ್ಣ ನಾಳಗಳನ್ನು ತಾನೇ ಅಮುಕಿಬಿಡುತ್ತದೆ. ಸಡಿಲವಾದಾಗಷ್ಟೇ ರಕ್ತ ಒಳಗಿಳಿಯುತ್ತದೆ. ದುಡಿಯುವಾಗ ಊಟವಿಲ್ಲ, ಬಿಡುವಿನಲ್ಲೇ ಉಣ್ಣಬೇಕು. ಬಲ ಹೃತ್ಕುಕ್ಷಿಯ ಗೋಡೆ ತೆಳು, ಒತ್ತಡವೂ ಕಡಿಮೆ, ಹಾಗಾಗಿ ಅದಕ್ಕೆ ಎರಡೂ ಹೊತ್ತಿನಲ್ಲಿ ಸಿಗುತ್ತದೆ.

ಲೆಕ್ಕ ಹಾಕಿ. ನಾಡಿ 75 ಇದ್ದಾಗ ಒಂದು ಬಡಿತಕ್ಕೆ 0.8 ಸೆಕೆಂಡು. ಅದರಲ್ಲಿ ಹಿಂಡುವುದು ಸುಮಾರು 0.3, ಬಿಡುವು 0.5. ನಾಡಿ 150ಕ್ಕೆ ಏರಿದರೆ ಇಡೀ ಬಡಿತಕ್ಕೇ 0.4 ಸೆಕೆಂಡು. ಹಿಂಡುವ ಹೊತ್ತು ಸ್ವಲ್ಪವೇ ಕಡಿಮೆಯಾಗುತ್ತದೆ, ಏಟು ಬೀಳುವುದೆಲ್ಲ ಬಿಡುವಿಗೆ. ಕೆಲಸ ಜಾಸ್ತಿಯಾದಾಗಲೇ ಊಟದ ಹೊತ್ತು ಕಡಿಮೆ.

ಇನ್ನೊಂದು ತೊಡಕು ಇದೆ. ಮೈಯ ಅಂಗಗಳೆಲ್ಲ ಸೇರಿ ರಕ್ತದಿಂದ ಸರಾಸರಿ ಕಾಲುಭಾಗ ಆಮ್ಲಜನಕ ತೆಗೆದುಕೊಂಡು ಉಳಿದದ್ದನ್ನು ವಾಪಸ್ ಕಳಿಸುತ್ತವೆ. ಬೇಕಾದರೆ ಇನ್ನಷ್ಟು ತೆಗೆದುಕೊಳ್ಳಬಹುದು. ಹೃದಯ ಸುಮ್ಮನಿದ್ದಾಗಲೇ 70% ಹೀರಿಕೊಂಡುಬಿಟ್ಟಿರುತ್ತದೆ. ಕೈಯಲ್ಲಿ ಮಿಗತೆ ಇಲ್ಲ. ಜಾಸ್ತಿ ಆಮ್ಲಜನಕ ಬೇಕೆಂದರೆ ಜಾಸ್ತಿ ರಕ್ತವೇ ಹರಿಯಬೇಕು. ವಿಶ್ರಾಂತಿಯಲ್ಲಿ ನಿಮಿಷಕ್ಕೆ ಸುಮಾರು 225 ಮಿ.ಲೀ. ಹರಿಯುತ್ತದೆ, ಓಡುವಾಗ ಅದು ಮೂರು ನಾಲ್ಕು ಪಟ್ಟು ಏರಬೇಕು. ನಾಳ ಕಿರಿದಾಗಿದ್ದರೆ ಏರುವುದಿಲ್ಲ, ಎದೆ ಹಿಡಿದುಕೊಳ್ಳುತ್ತದೆ.

ಮಲ್ನಾಡ್ ಮಗ
ಅಜ್ಜಿ, ಇದನ್ನು ಓದಿದ ಮೇಲೆ ಒಂದು ವಿಷಯ ಕೇಳಬೇಕು ಅನ್ನಿಸ್ತು. ಅಪ್ಪನಿಗೆ ಎಲ್‌ಎಡಿಯಲ್ಲಿ ಸ್ಟೆಂಟ್ ಹಾಕಿದ್ದಾರೆ. ಮೆಟೊಪ್ರೊಲಾಲ್ ಮಾತ್ರೆ ಕೊಟ್ಟಿದ್ದಾರೆ. ನಾಡಿ 58ಕ್ಕೆ ಇಳಿದಿದೆ. ಅಮ್ಮನಿಗೆ ದಿಗಿಲು. ಹೃದಯ ನಿಧಾನ ಆಗ್ತಿದೆ, ಮಾತ್ರೆ ನಿಲ್ಲಿಸೋಣ ಅಂತಾಳೆ.

ಫಿಸಿಯಾಲಜಿ ಅಜ್ಜಿ
ನಿಲ್ಲಿಸಬೇಡಿ ಮಗಾ. ಆ ಮಾತ್ರೆ ಕೊಡುವುದೇ ನಾಡಿ ನಿಧಾನ ಮಾಡಲಿಕ್ಕೆ. ಬಡಿತದ ನಡುವಿನ ಬಿಡುವು ಉದ್ದವಾದರೆ ಹೃದಯದ ಗೋಡೆಗೆ ರಕ್ತ ಇಳಿಯಲು ಹೊತ್ತು ಸಿಗುತ್ತದೆ, ಕೆಲಸವೂ ಕಡಿಮೆಯಾಗುತ್ತದೆ. ಈ ಮಾತ್ರೆಯನ್ನು ತಟ್ಟನೆ ನಿಲ್ಲಿಸಿದರೆ ಎದೆನೋವು ಮರುಕಳಿಸಬಹುದು. ತಲೆಸುತ್ತು, ಕಣ್ಣು ಕತ್ತಲೆ, ತುಂಬಾ ಸುಸ್ತು ಇದ್ದರೆ ಅಥವಾ ನಾಡಿ 50ಕ್ಕಿಂತ ಕೆಳಗೆ ಹೋದರೆ ಡಾಕ್ಟರಿಗೆ ತಿಳಿಸಿ, ಡೋಸ್ ಅವರು ನೋಡುತ್ತಾರೆ. ಅಮ್ಮನಿಗೆ ಇದನ್ನೇ ಓದಿ ಹೇಳಿ.

ಕ್ಯಾಥ್‌ಲ್ಯಾಬ್ ಕೆಲಸಗಾರ
ಬಿಡುವಿನ ಮಾತು ಬಂತಲ್ಲ, ನಮ್ಮಲ್ಲಿ ಅದನ್ನೇ ನಂಬಿದ ಒಂದು ಯಂತ್ರ ಇದೆ. ಹೃದಯ ತೀರಾ ಸೋತವರಿಗೆ ತೊಡೆಯ ರಕ್ತನಾಳದ ಮೂಲಕ ಮಹಾಪಧಮನಿಯೊಳಗೆ ಉದ್ದನೆಯ ಬಲೂನು ಇಡುತ್ತಾರೆ. ಹೃದಯ ಸಡಿಲವಾದಾಗ ಅದು ಉಬ್ಬಿ ರಕ್ತವನ್ನು ಕೊರೊನರಿಗಳ ಕಡೆ ಹಿಂದಕ್ಕೆ ತಳ್ಳುತ್ತದೆ. ಹಿಂಡುವ ಮುಂಚೆ ಕುಗ್ಗಿ ದಾರಿ ಬಿಡುತ್ತದೆ. ತುಂಬುವ ಅನಿಲ ಹೀಲಿಯಂ, ಹಗುರವಾದ್ದರಿಂದ ಅಷ್ಟು ಬೇಗ ಒಳಹೊರಗೆ ಓಡಾಡುತ್ತೆ.

ಕೆಲವರ ರಿಪೋರ್ಟಿನಲ್ಲಿ ಮಯೋಕಾರ್ಡಿಯಲ್ ಬ್ರಿಡ್ಜ್ ಅಂತ ಬರೆದಿರುತ್ತೆ. ಎಲ್‌ಎಡಿ ಮೇಲ್ಮೈ ಬಿಟ್ಟು ಸ್ವಲ್ಪ ದೂರ ಮಾಂಸದೊಳಗೆ ಮುಳುಗಿರುತ್ತದೆ ಅಂತ ಅರ್ಥ. ನಾಳಕ್ಕೆ ಡೈ ಬಿಟ್ಟು ಎಕ್ಸ್‌ರೇಯಲ್ಲಿ ನೋಡುವ ಆಂಜಿಯೋದಲ್ಲಿ ಪ್ರತಿ ಬಡಿತಕ್ಕೂ ಆ ಜಾಗ ಹಿಸುಕಿದಂತೆ ಕಾಣುತ್ತೆ, ನೋಡಿದವರಿಗೆ ಜೀವ ಝಲ್ ಅನ್ನುತ್ತೆ. ಆದರೆ ಹಿಸುಕೋದು ಹಿಂಡುವಾಗ, ರಕ್ತ ಹರಿಯೋದು ಬಿಡುವಿನಲ್ಲಿ. ಅದಕ್ಕೇ ಬಹಳಷ್ಟು ಜನರಿಗೆ ಏನೂ ತೊಂದರೆ ಆಗೋದಿಲ್ಲ.

ಆರೋಗ್ಯ ಮಿತ್ರ
ಇಷ್ಟೆಲ್ಲ ಯಾಕೆ? ಬೆಳ್ಳುಳ್ಳಿ ರಸ, ಶುಂಠಿ ರಸ, ನಿಂಬೆ ರಸ, ಆಪಲ್ ಸೈಡರ್ ವಿನೆಗರ್ ಕುದಿಸಿ ಜೇನು ಹಾಕಿ ಕುಡಿಯಿರಿ. 90% ಬ್ಲಾಕ್ ಕೂಡ ಕರಗುತ್ತೆ. ಆಪರೇಷನ್ ಬೇಡ. ಎಲ್ಲರಿಗೂ ಶೇರ್ ಮಾಡಿ.

ಧಾರವಾಡ ಪೇಢಾ
ಅಲ್ರೀ ಮಿತ್ರರ, ಇದು ನಮ್ಮ ಗ್ರೂಪಿನಾಗೂ ವಾರಕ್ಕೊಮ್ಮೆ ಬರ್ತದ. ಕುಡದ್ರ ಹೊಟ್ಟಿಗೆ ಹೋಗ್ತದ, ಹೃದಯದ ನಾಳದಾಗ ಹೆಂಗ ಕರಗಸ್ತದ್ರೀ?

ಫಿಸಿಯಾಲಜಿ ಅಜ್ಜಿ
ಬ್ಲಾಕ್ ಅಂದರೆ ನಾಳದ ಒಳಮೈಗೆ ಅಂಟಿದ ಜಿಡ್ಡು ಅಂತ ಅಂದುಕೊಂಡರೆ ಈ ಕಷಾಯ ನಂಬಬೇಕು ಅನ್ನಿಸುತ್ತದೆ. ಅದು ಅಂಟಿರುವುದಲ್ಲ. ನಾಳದ ಗೋಡೆಯೊಳಗೇ ಬೆಳೆಯುವುದು. ಕೊಲೆಸ್ಟರಾಲ್, ಅದನ್ನು ತಿಂದು ಉಬ್ಬಿದ ಬಿಳಿ ರಕ್ತಕಣಗಳು, ಎಷ್ಟೋ ಸಲ ಸುಣ್ಣದಂಶ, ಇವೆಲ್ಲದರ ಮೇಲೊಂದು ಮುಚ್ಚಳ. ಹರಿಯುವ ರಕ್ತಕ್ಕೂ ಅದಕ್ಕೂ ನಡುವೆ ಆ ಮುಚ್ಚಳ ಇದೆ. ಬೆಳ್ಳುಳ್ಳಿ ತಿನ್ನಿ, ಸಾರಿಗೆ ಚೆನ್ನಾಗಿರುತ್ತದೆ. ಡಾಕ್ಟರ್ ಕೊಟ್ಟ, ಕೊಲೆಸ್ಟರಾಲ್ ಇಳಿಸುವ ಸ್ಟಾಟಿನ್ ಮಾತ್ರೆ ಬಿಟ್ಟು ಕಷಾಯ ಕುಡಿಯಬೇಡಿ.

ಆ ಮುಚ್ಚಳದ ಮೇಲೇ ಎಲ್ಲ ನಿಂತಿರುವುದು. ಹೃದಯಾಘಾತ ಆಗುವುದು ನಾಳ ಮೆಲ್ಲಮೆಲ್ಲನೆ ಕಿರಿದಾಗಿ ಒಂದು ದಿನ ಮುಚ್ಚಿಹೋಗಿ ಅಂತ ಜನ ತಿಳಿದಿದ್ದಾರೆ. ಸಾಮಾನ್ಯವಾಗಿ ಹಾಗಲ್ಲ. ಮುಚ್ಚಳ ಬಿರುಕು ಬಿಡುತ್ತದೆ, ಗಾಯವಾಯಿತು ಅಂತ ರಕ್ತ ಅಲ್ಲಿ ಹೆಪ್ಪುಗಟ್ಟುತ್ತದೆ, ನಿಮಿಷಗಳಲ್ಲಿ ನಾಳ ಬಂದ್. ಮುಚ್ಚಳ ತೆಳುವಿದ್ದರೆ 40% ಬ್ಲಾಕ್ ಕೂಡ ಹೀಗೆ ಒಡೆಯಬಹುದು. ಮೊನ್ನೆ ಟಿಎಂಟಿ (ಟ್ರೆಡ್‌ಮಿಲ್ ಮೇಲೆ ನಡೆಸಿ ಇಸಿಜಿ ನೋಡುವ ಪರೀಕ್ಷೆ) ನಾರ್ಮಲ್ ಇತ್ತು, ಇವತ್ತು ಹೃದಯಾಘಾತ ಅನ್ನುವ ಸುದ್ದಿಗಳ ಹಿಂದೆ ಇದು ಇರುತ್ತದೆ. ಸ್ಟಾಟಿನ್ ಮಾಡುವ ದೊಡ್ಡ ಉಪಕಾರ ಆ ಮುಚ್ಚಳವನ್ನು ಗಟ್ಟಿ ಮಾಡುವುದು.

ಮಲ್ನಾಡ್ ಮಗ
ಹಾಗಾದ್ರೆ ರಿಪೋರ್ಟಿನ ಪರ್ಸೆಂಟ್‌ಗೆ ಬೆಲೆನೇ ಇಲ್ವಾ? ಅಪ್ಪನಿಗೆ ಸರ್ಕಮ್‌ಫ್ಲೆಕ್ಸ್‌ನಲ್ಲಿ ಇನ್ನೂ ಒಂದು 50% ಇದೆ, ಅದನ್ನು ಹಾಗೇ ಬಿಟ್ಟಿದ್ದಾರೆ. ದುಡ್ಡು ಕಟ್ಟಿದ ಮೇಲೆ ಎರಡೂ ಮಾಡಬಹುದಿತ್ತು ಅಂತ ನಮ್ಮ ಚಿಕ್ಕಪ್ಪನ ವಾದ.

ಕ್ಯಾಥ್‌ಲ್ಯಾಬ್ ಕೆಲಸಗಾರ
ಬೆಲೆ ಇದೆ, ಆದರೆ ಎಲ್ಲಿ ಅನ್ನೋದು ಎಷ್ಟು ಅನ್ನೋದಕ್ಕಿಂತ ದೊಡ್ಡ ಪ್ರಶ್ನೆ. ಲೆಫ್ಟ್ ಮೇನ್‌ನಲ್ಲಿ 50% ಅಂದರೆ ಡಾಕ್ಟರುಗಳು ಎದ್ದು ಕೂರುತ್ತಾರೆ, ಯಾಕೆಂದರೆ ಎಲ್‌ಎಡಿ, ಸರ್ಕಮ್‌ಫ್ಲೆಕ್ಸ್ ಎರಡೂ ಅದರ ಕೆಳಗಿವೆ. ಸಣ್ಣ ಕವಲಿನ ತುದಿಯಲ್ಲಿ 90% ಇದ್ದರೂ ಮಾತ್ರೆಯಲ್ಲೇ ಬಿಡೋದುಂಟು. ಎಲ್‌ಎಡಿಯಲ್ಲೂ ಶುರುವಿನಲ್ಲಿ ಮುಚ್ಚಿದರೆ ಮುಂಗೋಡೆ ಪೂರ್ತಿ ಹೋಗುತ್ತೆ, ತುದಿಯಲ್ಲಿ ಮುಚ್ಚಿದರೆ ತುದಿ ಮಾತ್ರ.

ನಿಮ್ಮ ಚಿಕ್ಕಪ್ಪನಿಗೆ ಹೇಳಿ, ಹಾಗೇ ಬಿಟ್ಟಿದ್ದು ಜಿಪುಣತನ ಅಲ್ಲ. ಮಧ್ಯಮ ಬ್ಲಾಕ್ ಇದ್ದಾಗ ಅನುಮಾನ ಬಂದರೆ ಕೂದಲೆಳೆಯಷ್ಟು ತೆಳುವಾದ ತಂತಿ ದಾಟಿಸಿ ಬ್ಲಾಕಿನ ಹಿಂದೆ ಮುಂದೆ ಒತ್ತಡ ಅಳೆಯುತ್ತಾರೆ. ಬ್ಲಾಕ್ ದಾಟಿದ ಮೇಲಿನ ಒತ್ತಡ ದಾಟುವ ಮುಂಚಿನದರ 0.80 ಪಟ್ಟಿಗಿಂತ ಹೆಚ್ಚಿದ್ದರೆ ರಕ್ತ ಸರಿಯಾಗಿ ಹೋಗ್ತಿದೆ ಅಂತ. ಅಲ್ಲಿ ಸ್ಟೆಂಟ್ ಹಾಕಿ ಲಾಭ ಇಲ್ಲ.

ಧಾರವಾಡ ಪೇಢಾ
ನಂದೊಂದು ಹೇಳ್ತೀನ್ರೀ. ನಮ್ಮ ಕಾಕಾಗ ರಾತ್ರಿ ಹೊಟ್ಟಿ ಮ್ಯಾಲಿನ ಭಾಗ ಉರಿ, ವಾಂತಿ, ಮೈಯೆಲ್ಲಾ ಬೆವರು. ಓಣಿಯಾಗಿನ ಕ್ಲಿನಿಕ್ಕಿನಾಗ ಗ್ಯಾಸ್ಟ್ರಿಕ್ ಅಂತ ಇಂಜೆಕ್ಷನ್ ಹಾಕಿ ಕಳಿಸಿದ್ರು. ಮುಂಜಾನೆ ಇಸಿಜಿ ತಗದ್ರ ಹಾರ್ಟ್ ಅಟ್ಯಾಕ್. ಎದಿ ನೋವು ಅಂತ ಒಮ್ಮಿನೂ ಅಂದಿದ್ದಿಲ್ಲ. ಈಗ ಅರಾಮ ಅದಾರ. ಆದ್ರ ಎದಿ ಬಿಟ್ಟು ಹೊಟ್ಟಿ ಯಾಕ್ರೀ?

ಫಿಸಿಯಾಲಜಿ ಅಜ್ಜಿ
ಬಲ ನಾಳ ಮುಚ್ಚಿರಬೇಕು, ಬಹುಪಾಲು. ಹೃದಯದ ತಳಭಾಗ ಎದೆ ಹೊಟ್ಟೆಗಳ ನಡುವಿನ ಪರದೆಯಾದ ವಪೆಯ ಮೇಲೆ ಕೂತಿದೆ, ಅದರ ಕೆಳಗೇ ಹೊಟ್ಟೆ. ಆ ಗೋಡೆಗೆ ರಕ್ತ ನಿಂತಾಗ ವಾಗಸ್ ನರ ಕೆರಳಿ ವಾಕರಿಕೆ, ಬೆವರು ಬರುತ್ತದೆ. ನಾಡಿಯೂ ಇಳಿಯಬಹುದು. ಯಾಕೆಂದರೆ ಬಡಿತ ಹುಟ್ಟಿಸುವ ಎಸ್‌ಎ ನೋಡ್‌ಗೆ ನೂರರಲ್ಲಿ 60 ಜನರಿಗೆ ಬಲ ನಾಳವೇ ರಕ್ತ ಕೊಡುವುದು. ಬಡಿತವನ್ನು ಕೆಳಗೆ ದಾಟಿಸುವ ಎವಿ ನೋಡ್‌ಗಂತೂ ಬಹಳ ಜನರಿಗೆ ಅದೇ.

ನಮ್ಮ ಮನೆಗಳಲ್ಲಿ ಎಲ್ಲಕ್ಕೂ ಗ್ಯಾಸ್ಟ್ರಿಕ್ ಅನ್ನುವುದು ರೂಢಿ. ವಯಸ್ಸಾದವರು, ಸಕ್ಕರೆ ಕಾಯಿಲೆಯವರು, ಬೀಡಿ ಸಿಗರೇಟು ಸೇದುವವರು, ಅವರಿಗೆ ಹೊಟ್ಟೆ ಉರಿಯ ಜೊತೆ ತಣ್ಣನೆ ಬೆವರು ಬಂದರೆ ಮೊದಲು ಇಸಿಜಿ. ಒಂದು ಇಸಿಜಿ ಸರಿ ಬಂದರೂ ನೋವು ಹೋಗದಿದ್ದರೆ ಸ್ವಲ್ಪ ಹೊತ್ತು ಬಿಟ್ಟು ಇನ್ನೊಂದು. ಹೆಂಗಸರಲ್ಲೂ ಎದೆನೋವಿಗಿಂತ ಸುಸ್ತು, ದಮ್ಮು, ದವಡೆ ನೋವು ಮುಂದಾಗಿ ಬರುವುದುಂಟು.

ಮತ್ತೊಂದು. ಕೆಲವರು ಜೇಬಿನಲ್ಲಿ ರಕ್ತನಾಳ ಸಡಿಲಿಸುವ ಸಾರ್ಬಿಟ್ರೇಟ್ ಮಾತ್ರೆ ಇಟ್ಟುಕೊಂಡು ಯಾರಿಗೆ ಎದೆನೋವು ಬಂದರೂ ನಾಲಿಗೆ ಕೆಳಗೆ ಇಡುತ್ತಾರೆ. ಬಲ ನಾಳ ಮುಚ್ಚಿ ಬಲ ಹೃತ್ಕುಕ್ಷಿಗೂ ಪೆಟ್ಟು ಬಿದ್ದಿದ್ದರೆ ಆ ಮಾತ್ರೆಯಿಂದ ಬಿಪಿ ಧಡಕ್ಕನೆ ಕುಸಿಯಬಹುದು. ಡಾಕ್ಟರ್ ಬರೆದುಕೊಡದವರಿಗೆ ಕೊಡಬೇಡಿ.

ಕ್ಯಾಥ್‌ಲ್ಯಾಬ್ ಕೆಲಸಗಾರ
ನಾಳ ಪೂರ್ತಿ ಮುಚ್ಚಿದ ಅರ್ಧ ಗಂಟೆ ಆಸುಪಾಸಿನಲ್ಲೇ ಮಾಂಸ ಸಾಯೋಕೆ ಶುರು. ಮೊದಲು ಸಾಯೋದು ಒಳಪದರ, ಅಲ್ಲಿಂದ ಹೊರಕ್ಕೆ ಹರಡುತ್ತಾ ಆರು ಗಂಟೆ ಹೊತ್ತಿಗೆ ಬಹುಪಾಲು ಹೋಗಿರುತ್ತೆ. ಹಾಗಾಗಿ 108ಕ್ಕೆ ಕರೆ ಮಾಡಿ, ಇಸಿಜಿ ಇರೋ ಹತ್ತಿರದ ಆಸ್ಪತ್ರೆಗೆ ಹೋಗಿ. ನೇರ ಬೆಂಗಳೂರಿಗೆ ಹೊರಡೋದು ಬೇಡ. ಪುನೀತ್ ರಾಜ್‌ಕುಮಾರ್ ಹೆಸರಿನ ಹೃದಯ ಜ್ಯೋತಿ ಯೋಜನೆ 2023ರಲ್ಲಿ ಬಂದಿದ್ದೇ ಇದಕ್ಕೆ. ತಾಲ್ಲೂಕು ಆಸ್ಪತ್ರೆಯಲ್ಲಿ ಇಸಿಜಿ ತೆಗೆದು ದೊಡ್ಡ ಆಸ್ಪತ್ರೆಯ ತಜ್ಞರಿಗೆ ಕಳಿಸುತ್ತಾರೆ, ಅಗತ್ಯ ಇದ್ದರೆ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಇಂಜೆಕ್ಷನ್ ಅಲ್ಲೇ ಉಚಿತವಾಗಿ ಕೊಡುತ್ತಾರೆ. ಆಮೇಲೆ ಮುಂದಕ್ಕೆ ಕಳಿಸುತ್ತಾರೆ.

ಆರೋಗ್ಯ ಮಿತ್ರ
ಒಬ್ಬರೇ ಇದ್ದಾಗ ಹೃದಯಾಘಾತ ಆದರೆ ಜೋರಾಗಿ ಕೆಮ್ಮುತ್ತಾ ಇರಬೇಕು. ಇದಾದ್ರೂ ನಿಜ ತಾನೇ?

ಕ್ಯಾಥ್‌ಲ್ಯಾಬ್ ಕೆಲಸಗಾರ
ಇದಕ್ಕೊಂದು ಬಾಲ ಇದೆ, ಅದು ನಮ್ಮ ಲ್ಯಾಬಿನದೇ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಮೇಸನ್ ಸೋನ್ಸ್ ಅನ್ನೋ ಡಾಕ್ಟರು ಒಬ್ಬ ರೋಗಿಯ ಮಹಾಪಧಮನಿಗೆ ಡೈ ಬಿಡುತ್ತಿದ್ದರು. ಟ್ಯೂಬ್ ಜಾರಿ ಬಲ ಕೊರೊನರಿಯ ಬಾಯಿಗೆ ಹೋಗಿ ಕೂತಿತ್ತು, ಡೈ ಎಲ್ಲ ಅದರೊಳಗೇ ಹೋಯಿತು. ಆಗಿನ ಕಾಲಕ್ಕೆ ಕೊರೊನರಿಗೆ ನೇರವಾಗಿ ಡೈ ಹೋದರೆ ಸಾವೇ ಅಂತ ನಂಬಿಕೆ. ಹೃದಯ ನಿಂತೂ ಹೋಯಿತು. ಸೋನ್ಸ್ ರೋಗಿಗೆ ಕೆಮ್ಮು ಅಂತ ಕೂಗಿದರು. ಆತ ಕೆಮ್ಮಿದ, ಬಡಿತ ವಾಪಸ್ ಬಂತು. ಇವತ್ತಿನ ಕೊರೊನರಿ ಆಂಜಿಯೋಗ್ರಾಂ ಹುಟ್ಟಿದ್ದು ಆ ದಿನ.

ಇವತ್ತೂ ಟೇಬಲ್ ಮೇಲೆ ಬಡಿತ ತಪ್ಪಿದರೆ ಕೆಮ್ಮಿ ಅಂತೀವಿ. ಪರದೆ ಮೇಲೆ ಬಡಿತ ಕಾಣ್ತಾ ಇರುತ್ತೆ, ಷಾಕ್ ಕೊಡೋ ಯಂತ್ರ ಪಕ್ಕದಲ್ಲೇ ಇರುತ್ತೆ, ಬೇಕಾಗಿರೋದು ಕೆಲವೇ ಸೆಕೆಂಡು. ಮನೇಲಿ ಹೃದಯಾಘಾತ ಆದವರಿಗೆ ಹೃದಯ ನಿಂತಿರೋದಿಲ್ಲ, ನಾಳ ಮುಚ್ಚಿರುತ್ತೆ. ಕೆಮ್ಮಿದರೆ ಹೆಪ್ಪು ಹೊರಗೆ ಬರಲ್ಲ. ಕೆಮ್ಮುತ್ತಾ ಕೂತು ಫೋನ್ ಮಾಡೋ ಹೊತ್ತು ಕಳೀತೀರಿ, ಅಷ್ಟೇ.

ಪರೀಕ್ಷೆಗೆ ಓದ್ತಿರೋಳು
ಬೈಪಾಸ್ ಬಗ್ಗೆ ಒಂದು. ಬ್ಲಾಕ್ ಬಳಸಿಕೊಂಡು ಹೋಗೋ ಹೊಸ ದಾರಿ ಜೋಡಿಸೋಕೆ ಕಾಲಿನಿಂದ ರಕ್ತನಾಳ ತೆಗೀತಾರಲ್ಲ, ಕಾಲಿಗೆ ತೊಂದರೆ ಇಲ್ವಾ? ಮತ್ತೆ ಅದು ಅಭಿಧಮನಿ, ಅದರಲ್ಲಿ ಕವಾಟ ಇರುತ್ತಲ್ಲ?

ಫಿಸಿಯಾಲಜಿ ಅಜ್ಜಿ
ಒಳ್ಳೆಯ ಪ್ರಶ್ನೆ ಪುಟ್ಟಿ. ತೆಗೆಯುವುದು ಚರ್ಮದ ಕೆಳಗಿನ ಸಫೀನಸ್ ನಾಳವನ್ನು. ಕಾಲಿನ ರಕ್ತದ ಬಹುಪಾಲನ್ನು ಆಳದ ಅಭಿಧಮನಿಗಳೇ ಮೇಲೆ ತರುತ್ತವೆ, ಹಾಗಾಗಿ ಕೆಲವು ದಿನ ಊತ ಬಿಟ್ಟರೆ ತೊಂದರೆ ಕಡಿಮೆ. ಕವಾಟ ಇರುವುದರಿಂದಲೇ ಅದನ್ನು ತಲೆಕೆಳಗು ಮಾಡಿ ಹೊಲಿಯುತ್ತಾರೆ, ಇಲ್ಲದಿದ್ದರೆ ಹರಿವಿಗೆ ಅಡ್ಡ. ಕ್ಲೀವ್‌ಲ್ಯಾಂಡ್‌ನಲ್ಲೇ 1967ರಲ್ಲಿ ರೆನೆ ಫವಲೋರೊ ಈ ವಿಧಾನವನ್ನು ರೂಢಿಗೆ ತಂದರು. ಅವರು ಅರ್ಜೆಂಟೀನಾದವರು, ಮೊದಲು ಹಳ್ಳಿಯಲ್ಲಿ ಡಾಕ್ಟರಾಗಿದ್ದವರು.

ಈಗ ಎಲ್‌ಎಡಿಗೆ ಆದಷ್ಟೂ ಎದೆಗೂಡಿನ ಒಳಬದಿಯ ಮ್ಯಾಮರಿ ಧಮನಿಯನ್ನೇ ಜೋಡಿಸುತ್ತಾರೆ. ಅದು ಹತ್ತು ವರ್ಷ ಕಳೆದರೂ ಹತ್ತರಲ್ಲಿ ಒಂಬತ್ತು ಮಂದಿಗೆ ತೆರೆದೇ ಇರುತ್ತದೆ. ಕಾಲಿನ ನಾಳ ಅಷ್ಟು ದಿನ ಬಾಳುವುದಿಲ್ಲ.

ಹೈಸ್ಕೂಲ್ ಮೇಷ್ಟ್ರು
ಆ ಹುಡುಗಿಗೆ ಕ್ಯಾಷಿಯರ್ ಮಾತು ಹೇಳಿದೆ, ಒಪ್ಪಿದಳು. ಈಗ ಹೊಸದು ತಂದಿದ್ದಾಳೆ. ಹೃದಯದ ಗೋಡೆಗೆ ಹೋದ ರಕ್ತ ವಾಪಸ್ ಎಲ್ಲಿಗೆ ಹೋಗುತ್ತೆ? ಕುರಿ ಗುಂಡಿಗೆಯಲ್ಲಿ ನಾವು ಅದನ್ನು ಹುಡುಕಲಿಲ್ಲ.

ಕ್ಯಾಥ್‌ಲ್ಯಾಬ್ ಕೆಲಸಗಾರ
ಹೃದಯದ ಹಿಂಬದಿಯಲ್ಲಿ, ಎಡ ಹೃತ್ಕರ್ಣ ಮತ್ತು ಎಡ ಹೃತ್ಕುಕ್ಷಿಗಳ ನಡುವಿನ ತೋಡಿನಲ್ಲಿ ಕೊರೊನರಿ ಸೈನಸ್ ಅನ್ನೋ ದಪ್ಪ ಅಭಿಧಮನಿ ಇದೆ. ಹೆಚ್ಚಿನ ರಕ್ತ ಅಲ್ಲಿ ಸೇರಿ ಬಲ ಹೃತ್ಕರ್ಣಕ್ಕೆ ಬೀಳುತ್ತೆ. ಸ್ವಲ್ಪ ಭಾಗ ಗೋಡೆಯಲ್ಲಿರೋ ಸಣ್ಣ ಸಣ್ಣ ನಾಳಗಳಿಂದ ನೇರವಾಗಿ ಕೋಣೆಗಳಿಗೇ ಜಿನುಗುತ್ತೆ. ಮುಂದಿನ ಸಲ ಬಲ ಹೃತ್ಕರ್ಣ ಸೀಳಿದಾಗ ಕೆಳಗಿನ ಮಹಾ ಅಭಿಧಮನಿಯ ತೂತಿನ ಪಕ್ಕದಲ್ಲೇ ನೋಡಿ, ಸೈನಸ್‌ನ ಬಾಯಿ ಸಿಗುತ್ತೆ, ಕಿರುಬೆರಳ ತುದಿ ಹಿಡಿಸಬಹುದು. ಮೂರು ತಂತಿಯ ಪೇಸ್‌ಮೇಕರ್ ಹಾಕುವಾಗ ಎಡ ಹೃತ್ಕುಕ್ಷಿಯ ತಂತಿಯನ್ನು ನಾವು ದಾಟಿಸೋದು ಅದೇ ಬಾಯಿಂದ. ಬಾಯಿ ಸಿಗದೆ ಡಾಕ್ಟರು ಗಂಟೆಗಟ್ಟಲೆ ಹುಡುಕಿದ್ದೂ ಇದೆ, ಹಾಗಾಗಿ ಮಕ್ಕಳಿಗೆ ಬೇಗ ಸಿಗಲಿಲ್ಲ ಅಂದ್ರೆ ಬೈಬೇಡಿ.